ಪರ್ನ್ ಗ್ರಹದ ಡ್ರಾಗನ್‌ಗಳು ಮತ್ತು ಮುಂಬಯಿಯ ಓದುಗರು

ಕೇಳುಗರಿಗೆ ನಮಸ್ಕಾರ. ಲೇಖಕಿ ಆನ್ ಮೆಕ್ಯಾಫ್ರಿ ಬರೆದ ಪರ್ನ್ ಎಂಬ ಕಲ್ಪಿತ ಗ್ರಹದ ಕಾದಂಬರಿಮಾಲೆಯ ಬಗ್ಗೆ ಮುಂಬಯಿಯ ಕನ್ನಡ ಓದುಗರು ಆಡಿಕೊಳ್ಳುವ ಮಾತುಗಳನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ. ಇದು ವಿಜ್ಞಾನ ಕಥೆಯೋ, ಮಾಯಾಲೋಕದ ಕಥೆಯೋ ಎಂಬ ಜಗಳ ಆ ಮಾಲೆಯಷ್ಟೇ ಹಳೆಯದು. ಮಾಟುಂಗ, ಚೆಂಬೂರು, ಡೊಂಬಿವಲಿಗಳ ಗೆಳೆಯರ ನಡುವೆ ಅದನ್ನು ಬಹುಕಾಲದಿಂದ ಕೇಳುತ್ತ ಬಂದ ನನಗೆ ಒಂದು ಸಂಗತಿ ಮನದಟ್ಟಾಗಿದೆ. ಯಾರು ಯಾವ ಪಕ್ಷ ಹಿಡಿಯುತ್ತಾರೆಂಬುದನ್ನು ಅವರ ಅಭಿರುಚಿಗಿಂತ ಹೆಚ್ಚಾಗಿ ಅವರ ಕೈಗೆ ಮೊದಲು ಬಂದ ಸಂಪುಟವೇ ನಿರ್ಧರಿಸಿರುತ್ತದೆ.

ಮಾಲೆಯ ಮೊದಲ ಕಥೆ ಬಂದದ್ದು 1967ರ ಅಕ್ಟೋಬರ್‌ನಲ್ಲಿ, ಅಮೆರಿಕದ 'ಅನಲಾಗ್' ಮಾಸಿಕದಲ್ಲಿ. ಜಾನ್ ಕ್ಯಾಂಪ್‌ಬೆಲ್ ಸಂಪಾದಿಸುತ್ತಿದ್ದ ಆ ಪತ್ರಿಕೆ ವಿಜ್ಞಾನ ಕಥೆಗಳಿಗೇ ಮೀಸಲಾಗಿದ್ದರಿಂದ ಡ್ರಾಗನ್‌ಗಳಿದ್ದರೂ ಕಥೆ ಆ ಸಾಲಿಗೇ ಸೇರಿತು. ಮರುವರ್ಷ ಅದಕ್ಕೆ, ವಿಜ್ಞಾನ ಮತ್ತು ಮಾಯಾಲೋಕದ ಕಥೆಗಳಿಗೆ ಕೊಡುವ ಹ್ಯೂಗೊ ಪ್ರಶಸ್ತಿ ಬಂತು. ಕಥಾಸಾಹಿತ್ಯಕ್ಕಾಗಿ ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಮೆಕ್ಯಾಫ್ರಿ. 1968ರಲ್ಲಿ 'ಡ್ರಾಗನ್‌ಫ್ಲೈಟ್' ಕಾದಂಬರಿಯಾಗಿ ಹೊರಬಂದ ಮೇಲೆ, ಮುಖಪುಟದ ಡ್ರಾಗನ್ನನ್ನು ನೋಡಿ ಕೊಂಡವರು ಬೇರೆಯೇ ನಿರೀಕ್ಷೆಯಿಂದ ಅದನ್ನು ತೆರೆದಿರಬೇಕು.

ನಮ್ಮ ಊರಿನಲ್ಲಂತೂ ಈ ಪುಸ್ತಕಗಳು ಕ್ರಮವಾಗಿ ಸಿಕ್ಕಿದ್ದೇ ಇಲ್ಲ. ಕಿಂಗ್ಸ್ ಸರ್ಕಲ್ಲಿನ ಕಾಲುದಾರಿಯಲ್ಲೋ ಫ್ಲೋರಾ ಫೌಂಟನ್ನಿನ ಬಳಿಯಲ್ಲೋ ಹಳೆಯ ಪುಸ್ತಕಗಳ ರಾಶಿಯಿಂದ ಯಾವುದು ಮೇಲೆ ಬಂತೋ ಅದನ್ನೇ ಕೊಂಡು ಲೋಕಲ್ ರೈಲಿನಲ್ಲಿ ಓದಲು ತೊಡಗಿದವರೇ ಹೆಚ್ಚು. 'ಡ್ರಾಗನ್‌ಫ್ಲೈಟ್' ಸಿಕ್ಕವರು ಕಂಡದ್ದು ಕೋಟೆಗಳನ್ನು, ಸಾಮಂತರನ್ನು, ತನ್ನ ವಂಶವನ್ನು ಕೊಂದವನ ಮನೆಯಲ್ಲೇ ಕೆಲಸದಾಳಾಗಿ ಮರೆಯಲ್ಲಿದ್ದು ಹಗೆ ತೀರಿಸಲು ಕಾಯುವ ಲೆಸ್ಸಾ ಎಂಬ ಹುಡುಗಿಯನ್ನು. ಆಕಾಶದಿಂದ ಬೆಳ್ಳಿಯ ಬಣ್ಣದ ಎಳೆಗಳು ಉದುರಿ ಹಸಿರನ್ನೆಲ್ಲ ತಿಂದುಹಾಕುತ್ತವೆ. ಡ್ರಾಗನ್‌ಗಳು ಒಂದು ಬಗೆಯ ಕಲ್ಲನ್ನು ಅಗಿದು ಬೆಂಕಿಯುಗುಳಿ ಅವನ್ನು ನಡುಗಾಳಿಯಲ್ಲೇ ಸುಡುತ್ತವೆ. ಆದರೆ ನಾನೂರು ವರ್ಷಗಳಿಂದ ಎಳೆ ಬಿದ್ದಿಲ್ಲವಾದ್ದರಿಂದ ಜನ ಆ ಅಪಾಯವನ್ನು ಅಜ್ಜಿಕಥೆಯೆಂದು ತಳ್ಳಿಹಾಕಿ, ಡ್ರಾಗನ್ ಸವಾರರಿಗೆ ಕೊಡಬೇಕಾದ ಕಾಣಿಕೆಗೂ ಗೊಣಗುತ್ತಿದ್ದಾರೆ. ಈ ದಾರಿಯಲ್ಲಿ ಬಂದ ಓದುಗರು ಮಾಲೆಯನ್ನು ಮಾಯಾಲೋಕದ ಕಥೆಯೆಂದು ಕರೆದರೆ ಅಚ್ಚರಿಯಿಲ್ಲ.

1988ರ 'ಡ್ರಾಗನ್ಸ್‌ಡಾನ್' ಮೊದಲು ಸಿಕ್ಕವರ ಮಾತೇ ಬೇರೆ. ಕಾಲದ ಲೆಕ್ಕದಲ್ಲಿ ಎಲ್ಲಕ್ಕಿಂತ ಹಿಂದಿನ ಕಥೆ ಅದು. ಯೊಕೊಹಾಮಾ, ಬಹ್ರೇನ್, ಬ್ಯೂನಸ್ ಐರಿಸ್ ಎಂಬ ಮೂರು ಹಡಗುಗಳಲ್ಲಿ ಭೂಮಿಯ ಕಡೆಯಿಂದ ಹೊರಟ ವಲಸೆಗಾರರು ಪರ್ನ್‌ನಲ್ಲಿ ಇಳಿಯುತ್ತಾರೆ. ಎಳೆಗಳ ದಾಳಿಗೆ ತತ್ತರಿಸಿ, ಅಲ್ಲಿನ ಪುಟ್ಟ ಹಾರುವ ಹಲ್ಲಿಗಳ ವಂಶವಾಹಿಗಳನ್ನು ತಿದ್ದಿ ಡ್ರಾಗನ್‌ಗಳನ್ನು ರೂಪಿಸುತ್ತಾರೆ. ಇಷ್ಟನ್ನು ಮೊದಲೇ ಅರಿತವರಿಗೆ ಉಳಿದ ಸಂಪುಟಗಳ ಕೋಟೆ, ಕುದುರೆ, ಲಾವಣಿಗಳೆಲ್ಲ ಮರೆತುಹೋದ ವಿಜ್ಞಾನದ ಅವಶೇಷಗಳಾಗಿ ಕಾಣುತ್ತವೆ. ಅವರ ವಾದ ತರ್ಕಬದ್ಧವಾಗಿಯೇ ಇದೆ. ಆದರೆ ಪಾತ್ರಗಳಿಗೆ ತಿಳಿಯದ್ದು ತಮಗೆ ತಿಳಿದಿರುವುದರಿಂದ ಅವರಿಗೆ ಕಥೆಯ ಅರ್ಧ ಬೆರಗು ತಪ್ಪಿಹೋಗಿರುತ್ತದೆ ಎಂಬುದು ನನ್ನ ಅಭಿಪ್ರಾಯ.

ಅಣುಶಕ್ತಿ ನಗರದ ಕಡೆಯ ಓದುಗರೊಬ್ಬರು ಎರಡೂ ಪಕ್ಷಗಳನ್ನು ಒಪ್ಪುವುದಿಲ್ಲ. 'ಡ್ರಾಗನ್‌ಫ್ಲೈಟ್' ಕಾದಂಬರಿಯ ಪೀಠಿಕೆ ಪರ್ನ್‌ನ ಸೂರ್ಯನಾದ ರುಕ್ಬತ್ ನಕ್ಷತ್ರವನ್ನು ಹೊಂಬಣ್ಣದ್ದೆಂದು, ನಮ್ಮ ಸೂರ್ಯನ ವರ್ಗಕ್ಕೆ ಸೇರಿದ್ದೆಂದು ವರ್ಣಿಸುತ್ತದೆ. ಧನು ರಾಶಿಯಲ್ಲಿ ನಿಜವಾಗಿ ಇರುವ ರುಕ್ಬತ್ ನಸುನೀಲಿ ಬಿಳುಪಿನ, ಹೆಚ್ಚು ಬಿಸಿಯಾದ ನಕ್ಷತ್ರ. ಅಂಡಾಕಾರದ ಕಕ್ಷೆಯಲ್ಲಿ ಸಾಮಾನ್ಯವಾಗಿ ಸುಮಾರು 250 ವರ್ಷಗಳಿಗೊಮ್ಮೆ ಪರ್ನ್‌ಗೆ ಸಮೀಪಿಸುವ ಕೆಂಪು ಗ್ರಹದಿಂದ 50 ವರ್ಷಗಳ ಕಾಲ ಜೀವಂತ ಎಳೆಗಳು ಇತ್ತ ದಾಟಿ ಬರುತ್ತವೆ ಎಂಬುದೂ ಅವರ ಗಣಿತಕ್ಕೆ ಒಗ್ಗುವುದಿಲ್ಲ. ಆಕ್ಷೇಪ ಸರಿಯೇ. ಆದರೂ ಎಳೆಗೊಂದು ಕಾರಣ, ಬೆಂಕಿಗೊಂದು ರಸಾಯನ ಬೇಕೆಂದು ಲೇಖಕಿ ಹಟ ಹಿಡಿದಿದ್ದರಿಂದಲೇ ಅಲ್ಲವೇ ಅವರಿಗೆ ತಪ್ಪು ಹುಡುಕಲು ಎಡೆ ಸಿಕ್ಕಿದ್ದು? ಪುಷ್ಪಕ ವಿಮಾನದ ಇಂಧನ ಯಾವುದೆಂದು ಯಾರೂ ಕೇಳಿದ್ದನ್ನು ನಾನರಿಯೆ.

ಇಷ್ಟರಲ್ಲಿ ಮಹಿಳೆಯರು ಎತ್ತುವ ಪ್ರಶ್ನೆ ಹೆಚ್ಚು ತೂಕದ್ದು. ರಾಣಿ ಡ್ರಾಗನ್ನನ್ನು ಕೂಡುವ ಡ್ರಾಗನ್ನಿನ ಸವಾರನೇ ಡ್ರಾಗನ್ ಸವಾರರ ನೆಲೆಯ ನಾಯಕನಾಗುತ್ತಾನೆ. ಪ್ರಾಣಿಗಳ ಆವೇಶ ಸವಾರರನ್ನೂ ಆವರಿಸುವುದರಿಂದ, ಮುಂದೆ ರಾಣಿ ಡ್ರಾಗನ್ನಿನ ಸವಾರಳಾಗುವ ಲೆಸ್ಸಾಳ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ. ನಾಯಕ ಫ್ಲಾರ್ ಸಿಟ್ಟು ಬಂದಾಗಲೆಲ್ಲ ಅವಳ ಭುಜ ಹಿಡಿದು ಅಲುಗಾಡಿಸುತ್ತಾನೆ. ಬರೆದವಳು ಹೆಣ್ಣು, ಕಾಲ ಅರವತ್ತರ ದಶಕ ಎಂಬ ಸಮಾಧಾನವನ್ನು ಕಿರಿಯ ಓದುಗರು ಒಪ್ಪುತ್ತಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಆದರೆ ಅದೇ ಓದುಗರು 1976ರ 'ಡ್ರಾಗನ್‌ಸಾಂಗ್' ಕಾದಂಬರಿಯ ಮೆನೊಲಿಯನ್ನು ಅಪ್ಪಿಕೊಳ್ಳುತ್ತಾರೆ. ಮೀನುಗಾರರ ಊರಿನ ಮುಖಂಡನ ಮಗಳು ಅವಳು. ಹುಡುಗಿ ಹಾಡು ಕಟ್ಟಬಾರದೆಂದು ತಂದೆ ಹೊಡೆದಾಗ ಮನೆ ಬಿಟ್ಟು ಕಡಲತಡಿಯ ಗುಹೆ ಸೇರಿ, ಪುಟ್ಟ ಹಾರುವ ಹಲ್ಲಿಗಳಿಗೆ ಹಾಡು ಕಲಿಸುತ್ತಾಳೆ. ನಮ್ಮ ಕರಾವಳಿಯಿಂದ ಬಂದು ಇಲ್ಲಿ ನೆಲೆಸಿದ ಹೆಂಗಸರಿಗೆ ಈ ಪುಸ್ತಕ ಇಷ್ಟು ಹತ್ತಿರವಾಗಲು ಕಾರಣ ಹುಡುಕಬೇಕಾಗಿಲ್ಲ. ಮಾಲೆಯಲ್ಲಿ ಒಂದನ್ನೇ ಆರಿಸೆಂದರೆ ನಾನೂ ಅದನ್ನೇ ಆರಿಸುತ್ತೇನೆ.

ಲೇಖಕಿಯ ಮಗ ಟಾಡ್ ಮುಂದುವರಿಸಿದ ಸಂಪುಟಗಳ ಬಗ್ಗೆ ಇಲ್ಲಿ ಉತ್ಸಾಹ ಕಡಿಮೆ, ನನಗೂ ಅಷ್ಟಕ್ಕಷ್ಟೆ.

ಹೊಸಬರು ಪ್ರಕಟಣೆಯ ಕ್ರಮದಲ್ಲೇ ಓದಲಿ ಎಂಬುದು ನನ್ನ ಸಲಹೆ. ಹಾಗೆ ಓದಿಕೊಂಡು 1991ರ 'ಆಲ್ ದಿ ವೇಯರ್ಸ್ ಆಫ್ ಪರ್ನ್' ಕಾದಂಬರಿಗೆ ಬಂದಾಗ ಪರ್ನ್‌ನ ಜನ ಪೂರ್ವಜರ ಮಾತನಾಡುವ ಗಣಕಯಂತ್ರದ ಎದುರು ಕುಳಿತು ತಮ್ಮ ಚರಿತ್ರೆಯನ್ನು ಕೇಳಿಸಿಕೊಳ್ಳುವ ಪ್ರಸಂಗ ಸಿಗುತ್ತದೆ. ಅಲ್ಲಿ ಡ್ರಾಗನ್‌ಗಳೂ ಹಳೆಯ ಹಡಗುಗಳ ಎಂಜಿನ್‌ಗಳೂ ಒಂದೇ ಕಾರ್ಯಕ್ಕೆ ಒದಗುತ್ತವೆ. ಅದು ಯಾವ ಕಾರ್ಯ ಎಂಬುದನ್ನು ಇನ್ನೂ ಓದದವರ ಸಲುವಾಗಿ ಹೇಳದೆ ಬಿಡುತ್ತೇನೆ. ನಮಸ್ಕಾರ.