ಬೀಗ ಬಿದ್ದ ಕಂಪನಿ, ಬರಬೇಕಾದ ಬಾಕಿ

ಕೇಳುಗರಿಗೆ ನಮಸ್ಕಾರ. ನೀವು ಸರಕು ಪೂರೈಸುತ್ತಿದ್ದ ಕಂಪನಿಯೋ, ದುಡಿಯುತ್ತಿದ್ದ ಕಾರ್ಖಾನೆಯೋ ಸಮಾಪನೆಗೆ, ಅಂದರೆ ಆಸ್ತಿ ಮಾರಿ ಸಾಲ ತೀರಿಸಿ ಕಂಪನಿ ಮುಚ್ಚುವ ಪ್ರಕ್ರಿಯೆಗೆ, ಹೋಗಿದೆ ಎಂದಿಟ್ಟುಕೊಳ್ಳಿ. ನಾನು ಹೇಳುವುದು ಒಂದೇ ಮಾತು: ನಿಮ್ಮ ಬಾಕಿಯ ಕ್ಲೇಮನ್ನು ಆ ಪ್ರಕ್ರಿಯೆ ನಡೆಸಲು ನೇಮಕವಾದ ಲಿಕ್ವಿಡೇಟರ್‌ಗೆ ಬರೆದು ಕೊಡಿ. ಉಳಿದದ್ದೆಲ್ಲ ಆಮೇಲೆ.

ಪೀಣ್ಯದಲ್ಲಿ ರಟ್ಟಿನ ಪೆಟ್ಟಿಗೆ ತಯಾರಿಸುವವರೊಬ್ಬರು ಹಿಂದೊಮ್ಮೆ ನನ್ನ ಕಚೇರಿಗೆ ಬಂದಿದ್ದರು. ಮುಚ್ಚಿಹೋದ ಕಂಪನಿಯಿಂದ ಅವರಿಗೆ ದೊಡ್ಡ ಮೊತ್ತ ಬರಬೇಕಿತ್ತು. ‘ಕ್ಲೇಮು ಹಾಕಿದ್ದೀರಾ?’ ಎಂದೆ. ‘ಇಲ್ಲ ಸರ್, ಮಾಲೀಕರು ತುಂಬಾ ಒಳ್ಳೆಯವರು. ಮನೆಗೆ ಹೋದಾಗಲೆಲ್ಲ ಕೂರಿಸಿ ಕಾಫಿ ಕೊಡುತ್ತಾರೆ. ಅರ್ಜಿ ಹಾಕಿದರೆ ಬೇಸರ ಮಾಡಿಕೊಳ್ಳುತ್ತಾರೆ’ ಎಂದರು. ನನಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. ಸ್ವಾಮಿ, ದಿವಾಳಿ ಸಂಹಿತೆ ಎಂಬ ಕಾನೂನಿನಡಿ ಸಮಾಪನೆಯ ಆದೇಶವಾದ ಮೇಲೆ ನಿರ್ದೇಶಕ ಮಂಡಳಿಯ ಅಧಿಕಾರವೆಲ್ಲ ಲಿಕ್ವಿಡೇಟರ್ ಕೈಗೆ ಹೋಗುತ್ತದೆ. ಕಾಫಿ ಕೊಡುವ ಮಾಲೀಕರು ಕಂಪನಿಯ ಖಾತೆಯಿಂದ ಒಂದು ಚೆಕ್ ಕೂಡ ಬರೆಯುವಂತಿಲ್ಲ!

ಅವರು ಪ್ಲಾಸ್ಟಿಕ್ ಚೀಲ ತೆರೆದು ಕಾಗದಗಳನ್ನು ಮೇಜಿನ ಮೇಲೆ ಸುರಿದರು. ಬಿಲ್ಲುಗಳು, ಡೆಲಿವರಿ ಚಲನ್‌ಗಳು. ಕೆಲವದರ ಮೇಲೆ ಗೇಟಿನ ದುಂಡು ಮುದ್ರೆ, ಸ್ಟೋರ್ ಕೀಪರ್ ಸಹಿ. ಕೆಲವದರ ಮೇಲೆ ಏನೂ ಇಲ್ಲ. ‘ಪರಿಚಯದವರಲ್ಲವೇ, ಸಹಿ ಕೇಳಲಿಲ್ಲ’ ಎಂದರು. ಅದೃಷ್ಟಕ್ಕೆ ಗಡುವು ಇನ್ನೂ ಮುಗಿದಿರಲಿಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್ ಜೋಡಿಸಿ ಕ್ಲೇಮು ಸಲ್ಲಿಸಿದೆವು. ಸಹಿಯಿದ್ದ ಚಲನ್‌ಗಳ ಮೊತ್ತ ಅಂಗೀಕಾರವಾಯಿತು. ಸಹಿಯಿಲ್ಲದ್ದು ಬಿದ್ದುಹೋಯಿತು.

ಈ ಕಥೆಗೇ ಅರ್ಧ ಸಮಯ ಹೋಯಿತು. ಹಣ ಹಂಚುವ ಸರದಿಯನ್ನು ಬೇಗ ಹೇಳಿಬಿಡುತ್ತೇನೆ. ಅದು 2016ರ ಸಂಹಿತೆಯ 53ನೇ ಕಲಮಿನಲ್ಲಿದೆ. ಮೊದಲು ಪ್ರಕ್ರಿಯೆಯ ಖರ್ಚು. ನಂತರ ಕಾರ್ಮಿಕರ 24 ತಿಂಗಳ ಬಾಕಿ ಮತ್ತು ಅಡಮಾನದ ಆಸ್ತಿಯನ್ನು ತಾವೇ ಮಾರಿಕೊಳ್ಳುವ ಹಕ್ಕನ್ನು ಬಿಟ್ಟುಕೊಟ್ಟ ಬ್ಯಾಂಕುಗಳ ಸಾಲ, ಇವೆರಡೂ ಸರಿಸಮ. ಆಮೇಲೆ ಇತರ ನೌಕರರ 12 ತಿಂಗಳ ಬಾಕಿ. ಅನಂತರ ಅಡಮಾನವಿಲ್ಲದೆ ಹಣಕಾಸಿನ ಸಾಲ ಕೊಟ್ಟವರು. ಅವರ ಹಿಂದೆ ಸರ್ಕಾರದ ತೆರಿಗೆ. ಸರಕು ಪೂರೈಸಿದವರು ಅದಕ್ಕೂ ಹಿಂದೆ. ಷೇರುದಾರರು ಕಟ್ಟಕಡೆಗೆ.

‘ಅಷ್ಟು ಹಿಂದಿದ್ದರೆ ನಮಗೇನು ಸಿಗುತ್ತದೆ?’ ಎಂದು ಕೇಳುತ್ತೀರಿ. ಕಡಿಮೆಯೇ ಸಿಗಬಹುದು, ಏನೂ ಸಿಗದಿರಲೂಬಹುದು. ಆದರೆ ಕ್ಲೇಮನ್ನೇ ಹಾಕದವರ ಹೆಸರು ಪಟ್ಟಿಗೆ ಬರುವುದಾದರೂ ಹೇಗೆ? ಬರೆದು ಕೊಡಿ. ಕ್ಲೇಮು ಕರೆದು ಲಿಕ್ವಿಡೇಟರ್ ಕೊಡುವ ಪ್ರಕಟಣೆ ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲೂ ಬರುತ್ತದೆ, ಕೊನೆಯ ದಿನಾಂಕ ಅದರಲ್ಲೇ ಇರುತ್ತದೆ. ದಯವಿಟ್ಟು ಓದಿ. ಕ್ಲೇಮು ತಿರಸ್ಕೃತವಾದರೆ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ ಹೋಗಬಹುದು. ಅದರ ಪೀಠ ಬೆಂಗಳೂರಿನಲ್ಲೇ ಇದೆ.

ಕಾರ್ಮಿಕ ಬಂಧುಗಳಿಗೆ ಒಂದು ಮಾತು. ಭವಿಷ್ಯ ನಿಧಿ, ಪಿಂಚಣಿ ನಿಧಿ, ಗ್ರಾಚ್ಯುಯಿಟಿ ನಿಧಿಯಿಂದ ನಿಮಗೆ ಬರಬೇಕಾದ ಹಣ ಈ ಹಂಚಿಕೆಗೆ ಸೇರುವುದೇ ಇಲ್ಲ. ಅದರ ಮೇಲೆ ಬ್ಯಾಂಕು ಕೈಯಿಡುವಂತಿಲ್ಲ. ಸಂಬಳದ ಬಾಕಿಗೆ ಮಾತ್ರ ಕ್ಲೇಮು ಹಾಕಲೇಬೇಕು. ಎಲ್ಲರ ಪರವಾಗಿ ಒಬ್ಬ ಪ್ರತಿನಿಧಿ ಒಟ್ಟಿಗೆ ಸಲ್ಲಿಸಬಹುದು. ಸಂಬಳದ ಚೀಟಿಗಳನ್ನು ಇವತ್ತೇ ಹುಡುಕಿ ತೆಗೆದಿಡಿ. ನಮಸ್ಕಾರ.