ಕತ್ತಿಯವನಿಗೂ ಅಡಗಲು ಒಂದು ಮರೆ ಕೊಡಿ

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲೆ ಪುಟ್ಟ ಸೈನಿಕ ಬೊಂಬೆಗಳನ್ನಿಟ್ಟು, ದಾಳ ಎಸೆದು ಯುದ್ಧವಾಡುವ ನೀವೆಲ್ಲ ಇಂಥ ಮಳೆಯಲ್ಲೂ ಶಿವಮೊಗ್ಗದ ತನಕ ಬಂದಿದ್ದೀರಿ, ಖುಷಿ. ಬೊಂಬೆಗಳಿಗೆ ಸ್ಪ್ರೇ ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲಿನ ಲೇಪ, ಹೊಡೆದವರು ಮಾತ್ರ ಸಪ್ಪಗಿದ್ದೀರಿ. ಈ ಥಂಡಿಗೆ ಅದು ಪುಡಿಪುಡಿಯಾಗಿ ಕೂರುತ್ತದೆ, ಬಿಸಿಲು ಬರುವವರೆಗೆ ಬ್ರಷ್ಷೇ ಗತಿ.

ಈಗೀಗ ಯಾರ ಡಬ್ಬಿ ತೆರೆದರೂ ಬರೀ ಬಂದೂಕಿನವರು. ಕೇಳಿದರೆ, "ಕತ್ತಿಯವರು ಹೋಗಿ ಮುಟ್ಟೋದೇ ಇಲ್ಲ ಸಾರ್" ಅಂತೀರಿ. ತಪ್ಪು ಕತ್ತಿಯದಲ್ಲ, ಅಡಗಲು ಮರೆಯಿಲ್ಲದ ಮೇಜಿನದು.

ನಮ್ಮ ಭಾವನ ಜೊತೆ ಮೊದಲ ಸಲ ಆಡಿದ್ದು ಊರ ಮನೆಯ ಊಟದ ಮೇಜಿನ ಮೇಲೆ. ನನ್ನ ಕಡೆ ಇಪ್ಪತ್ತು ಕತ್ತಿ, ಅವರ ಕಡೆ ಹತ್ತು ಬಂದೂಕು, ನಡುವೆ ಬೆಟ್ಟ ಅಂತ ಒಂದು ಉಪ್ಪಿನಕಾಯಿ ಜಾಡಿ. ಜಾಡಿಯ ಹಿಂದೆ ಹಿಡಿಸಿದ್ದು ನಾಲ್ವರು, ಉಳಿದವರು ಎರಡನೇ ಸುತ್ತಿಗೆ ಸಾಫ್. ಅಷ್ಟರಲ್ಲಿ ಅಮ್ಮ ಬಂದು, "ಊಟಕ್ಕೆ ಹೊತ್ತಾಯ್ತು" ಅಂತ ಬೆಟ್ಟವನ್ನೇ ಎತ್ತಿಕೊಂಡು ಹೋದರು. ನಾಲ್ವರೂ ಬಯಲಲ್ಲಿ! ಭಾವ ಒಂದು ಕ್ಷಣವೂ ಕಾಯಲಿಲ್ಲ, ದಾಳ ಎಸೆದೇಬಿಟ್ಟರು.

ಲೆಕ್ಕ ನೋಡಿ. ವಾರ್‌ಹ್ಯಾಮರ್ 40,000 ಅನ್ನೋ ಬೊಂಬೆ ಯುದ್ಧದ ಆಟದಲ್ಲಿ ಸಾಮಾನ್ಯ ಕಾಲಾಳು ಒಂದು ಸರದಿಗೆ ನಡೆಯೋದು 6 ಇಂಚು, ಸಾಮಾನ್ಯ ಬಂದೂಕು ಹೊಡೆಯೋದು 24 ಇಂಚು. ಬಯಲಾದರೆ ಮುಟ್ಟುವಷ್ಟರಲ್ಲಿ ಸಾಮಾನ್ಯವಾಗಿ ಒಂದೆರಡು ಸಲ ಗುಂಡು ತಿನ್ನಬೇಕು. ಆದರೆ ಒಮ್ಮೆ ಮುಟ್ಟಿದ ಮೇಲೆ? ಬಂದೂಕಿನವನು ಹೊಡೆಯೋದು ಸಾಮಾನ್ಯವಾಗಿ ತನ್ನ ಸರದಿಯಲ್ಲಿ, ಕತ್ತಿಯವನು ಇಬ್ಬರ ಸರದಿಯಲ್ಲೂ ಬೀಸುತ್ತಾನೆ. ಮೇಲಾಗಿ ಮೈಮೇಲೆ ಬಿದ್ದವನ ಎದುರು ಉದ್ದ ಬಂದೂಕು ಬಾಯಿ ಮುಚ್ಚಿಕೊಂಡಿರಬೇಕು. ಇದನ್ನು ಯಾರೂ ಎಣಿಸೋದಿಲ್ಲ, ಅಲ್ವಾ?

ಮುಂದಿನ ಸಲ ನಾನು ಜಾಡಿ ನಂಬಲಿಲ್ಲ. ಅಡಿಕೆ ಹಾಳೆ ಕತ್ತರಿಸಿ ಗುಡ್ಡ ಮಾಡಿದೆ, ಜಂಬಿಟ್ಟಿಗೆಯ ಚೂರು ಬಂಡೆಯಾಯಿತು, ಬಾವಿಕಟ್ಟೆಯ ಪಾಚಿ ಒಣಗಿಸಿ ಅಂಟಿಸಿದರೆ ಥೇಟ್ ಆಗುಂಬೆ. ಬಂದೂಕಿನವರ ನೇರ ನೋಟ ಎಂಟು ಇಂಚು ದಾಟಲಿಲ್ಲ. ಕೊನೆಗೆ ಓಡಿ ಮೇಲೆರಗಲು ನನಗೆ ಎರಡು ದಾಳ ಸೇರಿ 9 ಅಥವಾ ಹೆಚ್ಚು ಬೇಕಿತ್ತು. ಅವು ಬೀಳುವ 36 ಬಗೆಯಲ್ಲಿ 10 ಮಾತ್ರ ನನ್ನ ಕಡೆ. ಎಸೆದೆ, ಕರೆಂಟು ಹೋಯಿತು. ಮೊಬೈಲ್ ಬೆಳಕು ಬಿಟ್ಟು ನೋಡಿದರೆ ಐದು, ನಾಲ್ಕು! ಭಾವ ಇವತ್ತಿಗೂ ಅದನ್ನು ಒಪ್ಪಿಲ್ಲ. ಕತ್ತಲಲ್ಲಿ ನಾನೇ ತಿರುಗಿಸಿದೆ ಅಂತಾರೆ. ಅವರು ಆ ಮೂಲೆಯಲ್ಲೇ ಕೂತಿದ್ದಾರೆ, ಕೇಳಿಕೊಳ್ಳಿ.

"1415ರಲ್ಲಿ ಇಂಗ್ಲಿಷರು ಫ್ರೆಂಚರನ್ನು ಸೋಲಿಸಿದ ಅಜಿನ್‌ಕೋರ್ಟ್ ಯುದ್ಧದಲ್ಲಿ ಗೆದ್ದದ್ದು ಬಿಲ್ಲಲ್ಲವಾ" ಅಂತ ಯಾರೋ ಗೊಣಗಿದಿರಿ. ಹೌದು. ಆದರೆ ಮಳೆ ಬಿದ್ದ ಉತ್ತ ಹೊಲ, ಎರಡೂ ಕಡೆ ಕಾಡು, ಕವಚ ತೊಟ್ಟ ಫ್ರೆಂಚರು ನಾಟಿ ಗದ್ದೆಗಿಳಿದ ಹಾಗೆ ಹೂತುಕೊಂಡರು. ಆಮೇಲೆ ಬಿಲ್ಲುಗಾರರೇ ಕೊಡಲಿ, ಸುತ್ತಿಗೆ ಹಿಡಿದು ಅವರ ಮೇಲೆ ಬಿದ್ದರು. ಅಲ್ಲೂ ನೆಲದ ಮಾತೇ ಬಂತು ನೋಡಿ.

ಚೀಟಿ ಬಂತು, ಐದು ನಿಮಿಷವಂತೆ. ಕುದುರೆ ಸವಾರರ ವಿಷಯ ಬಿಟ್ಟೆ. ಯಾವ ಬೊಂಬೆಗೆ ಎಷ್ಟು ಅನ್ನುವ ಪಾಯಿಂಟ್ ಲೆಕ್ಕ ಕಾಫಿ ಕುಡಿಯುತ್ತಾ ಹೇಳುತ್ತೇನೆ. ಹಿಂದಿನ ಮೇಜಿನಲ್ಲಿ ಆಟಕ್ಕೆ ಜಾಗ ಮಾಡಿದ್ದೇವೆ. ಎಡಗಡೆಯ ಹಾಳೆ ಗುಡ್ಡ ಮಾತ್ರ ಮುಟ್ಟಬೇಡಿ, ಅಂಟು ಇನ್ನೂ ಒಣಗಿಲ್ಲ.