ಬಟನ್ ಇಲ್ಲದ ಗೇಮ್‌ಗೆ ಐಡಿಯಾ ಹುಡುಕೋದು ಹೇಗೆ?

[ಪರದೆಯಲ್ಲಿ: ಟಿವಿ ಎದುರು ನಿಂತು, ಬರಿಗೈ ಚಾಚಿ ಗಾಳಿಯನ್ನು ಎಡಕ್ಕೂ ಬಲಕ್ಕೂ ತಿರುಗಿಸುತ್ತಿರುವ ಹುಡುಗ]

ಇವನು ಕಾರು ಓಡಿಸುತ್ತಿದ್ದಾನೆ. ಸ್ಟೀರಿಂಗ್ ಎಲ್ಲಿ ಅಂತ ಕೇಳಬೇಡಿ. ಆಟದ ಹೆಸರು ಕೈನೆಕ್ಟ್ ಜಾಯ್ ರೈಡ್, ವರ್ಷ 2010. ಎರಡೂ ಕೈ ಮುಂದೆ ಚಾಚಿ, ಇಲ್ಲದ ಸ್ಟೀರಿಂಗ್ ತಿರುಗಿಸಬೇಕು. ಒತ್ತೋಕೆ ಆಕ್ಸಿಲರೇಟರ್ ಇಲ್ಲ, ಹಾಗಾಗಿ ಕಾರು ತಾನೇ ಓಡುತ್ತದೆ. ಮೊದಲು ಮಜಾ ಅನ್ನಿಸುತ್ತದೆ. ಸ್ವಲ್ಪ ಹೊತ್ತಿಗೆ ಭುಜ ನೋಯೋಕೆ ಶುರುವಾಗುತ್ತದೆ. ಆಗ ಒಂದು ಪ್ರಶ್ನೆ ಏಳುತ್ತದೆ: ಇದಕ್ಕಿಂತ ಕೈಯಲ್ಲಿ ಹಿಡಿದು ಬಟನ್ ಒತ್ತುವ ಮಾಮೂಲಿ ಕಂಟ್ರೋಲರೇ ಚೆನ್ನಾಗಿತ್ತಲ್ವಾ?

ಚೆನ್ನಾಗಿತ್ತು. ಮೈ ಮತ್ತು ದನಿಯಿಂದ ಆಡುವ ಎಷ್ಟೋ ಗೇಮ್‌ಗಳು ಮುಗ್ಗರಿಸಿದ್ದು ಇಲ್ಲೇ ಅಂತ ನನಗನ್ನಿಸುತ್ತದೆ. ಬಟನ್‌ಗಾಗಿ ಹುಟ್ಟಿದ ಆಟವನ್ನು ತಗೊಂಡರು, ಬಟನ್ ಕಿತ್ತರು, ಆ ಜಾಗದಲ್ಲಿ ಒಂದು ಕೈಸನ್ನೆ ಇಟ್ಟರು. ಐಡಿಯಾ ಹುಡುಕೋಕೆ ಬೇರೆ ದಾರಿ ಇದೆ. ಅದಕ್ಕೆ ಮೊದಲು ಯಂತ್ರಕ್ಕೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಅಂತ ಗೊತ್ತಿರಬೇಕು.

[ಪರದೆಯಲ್ಲಿ: ಕತ್ತಲೆ ಕೋಣೆ, ಗೋಡೆ ಮೇಲೆ ಸಾವಿರಾರು ಬೆಳಕಿನ ಚುಕ್ಕಿಗಳು]

ಕೈನೆಕ್ಟ್ ಮೈಕ್ರೋಸಾಫ್ಟ್‌ನ ಸಾಧನ. ಟಿವಿ ಹತ್ತಿರ ಇಟ್ಟರೆ ನಿಮ್ಮ ಮೈಯ ಚಲನೆ ನೋಡಿ, ದನಿ ಕೇಳಿ ಗೇಮ್‌ಗೆ ತಿಳಿಸುತ್ತಿತ್ತು. 2010ರ ನವೆಂಬರ್‌ನಲ್ಲಿ ಮಾರುಕಟ್ಟೆಗೆ ಬಂತು. ಮೊದಲ 60 ದಿನಗಳಲ್ಲಿ 80 ಲಕ್ಷ ಮಾರಾಟವಾಗಿ ಗಿನ್ನೆಸ್ ದಾಖಲೆ ಸೇರಿತು. 2017ರಲ್ಲಿ ತಯಾರಿಕೆಯೇ ನಿಂತಿತು. ಇಷ್ಟು ಜೋರಾಗಿ ಏರಿ ಇಷ್ಟು ಬೇಗ ಇಳಿದ ಗೇಮ್ ಸಾಧನಗಳು ಕಡಿಮೆ.

ಒಳಗಿನ ಕೆಲಸ ಮಾತ್ರ ಅದ್ಭುತ. ಇಸ್ರೇಲಿನ ಪ್ರೈಮ್‌ಸೆನ್ಸ್ ಕಂಪನಿಯ ತಂತ್ರಜ್ಞಾನ ಅದರಲ್ಲಿತ್ತು. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನ ಚುಕ್ಕಿಗಳನ್ನು ಕೋಣೆ ತುಂಬಾ ಚೆಲ್ಲುತ್ತದೆ. ಚುಕ್ಕಿಗಳು ಎಲ್ಲಿ ಎಷ್ಟು ಸರಿದಿವೆ ಅಂತ ನೋಡಿ, ಯಾವ ವಸ್ತು ಎಷ್ಟು ದೂರದಲ್ಲಿದೆ ಅಂತ ಲೆಕ್ಕ ಹಾಕುತ್ತದೆ. ಆದರೆ ದೂರ ಗೊತ್ತಾದ ಮಾತ್ರಕ್ಕೆ ಮನುಷ್ಯ ಗೊತ್ತಾಗಲ್ಲ. ಸೋಫಾಗೂ ದೂರ ಇದೆ, ಅಜ್ಜಿಗೂ ದೂರ ಇದೆ. ಇದಕ್ಕೆ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿರುವ ಮೈಕ್ರೋಸಾಫ್ಟ್ ಸಂಶೋಧಕರು ಒಂದು ಉಪಾಯ ಮಾಡಿದರು. ಕಂಪ್ಯೂಟರಲ್ಲೇ ಬೇರೆ ಬೇರೆ ಎತ್ತರದ, ಗಾತ್ರದ ಮನುಷ್ಯರನ್ನು ಸೃಷ್ಟಿಸಿ, ನಾನಾ ಭಂಗಿಯಲ್ಲಿ ನಿಲ್ಲಿಸಿ, ಲಕ್ಷಗಟ್ಟಲೆ ಚಿತ್ರ ತಯಾರಿಸಿದರು. ಆ ಚಿತ್ರಗಳಿಂದ ಯಂತ್ರಕ್ಕೆ ಪಾಠ ಹೇಳಿದರು: ಚಿತ್ರದ ಈ ಬಿಂದು ಎಡ ಮೊಣಕೈಯದು, ಆ ಬಿಂದು ಬಲ ತೊಡೆಯದು. ಹೀಗೆ ಮೈಯನ್ನು 31 ಭಾಗಗಳಾಗಿ ಗುರುತಿಸಿ, ಅದರಿಂದ ಕೀಲುಗಳ ಜಾಗ ಅಂದಾಜು ಮಾಡುವ ವಿಧಾನ ಹುಟ್ಟಿತು. ಗೇಮ್ ಮಾಡುವವರ ಕೈಗೆ ಸಿಕ್ಕಿದ್ದು 20 ಕೀಲುಗಳ ಒಂದು ಅಸ್ಥಿಪಂಜರ, ಸೆಕೆಂಡಿಗೆ 30 ಸಲ.

ಈಗ ಅದರ ಕಷ್ಟಗಳನ್ನು ಕೇಳಿ. ನೀವು ಕೈ ಎತ್ತಿದ್ದಕ್ಕೂ ಪರದೆಯಲ್ಲಿ ಕೈ ಏಳೋದಕ್ಕೂ ನಡುವೆ ಕಣ್ಣಿಗೆ ಗೊತ್ತಾಗುವಷ್ಟು ತಡ. ಬೆರಳುಗಳು ಅದರ ಲೆಕ್ಕಕ್ಕೇ ಇಲ್ಲ. ಪಕ್ಕಕ್ಕೆ ತಿರುಗಿದರೆ ಆಚೆ ಕೈ ಮಾಯ. ಕಿಟಕಿಯಿಂದ ಬಿಸಿಲು ಬಿದ್ದರೆ ಗೊಂದಲ. ಇಬ್ಬರು ಆಡಬೇಕೆಂದರೆ ಸುಮಾರು ಎಂಟು ಅಡಿ ದೂರ ನಿಲ್ಲಬೇಕು. ಬೆಂಗಳೂರಿನ ಬಾಡಿಗೆ ಮನೆಯ ಹಾಲ್‌ನಲ್ಲಿ ಎಂಟು ಅಡಿ ಹಿಂದೆ ಹೋದರೆ ಅಡುಗೆಮನೆ ಬರುತ್ತದೆ! ಇನ್ನು ಸೀರೆ, ಪಂಚೆ, ಉದ್ದ ಲಂಗ ಉಟ್ಟರೆ ಎರಡು ಕಾಲು ಎಲ್ಲಿವೆ ಅಂತ ಅದಕ್ಕೆ ಗುರುತಿಸೋದೇ ಕಷ್ಟ.

ಈ ಕಷ್ಟಗಳನ್ನು ದೂರಿನ ಪಟ್ಟಿ ಅಂದುಕೊಂಡರೆ ಅಲ್ಲಿಗೇ ನಿಲ್ಲುತ್ತೀರಿ. ನಿಮಗೆ ಸಿಕ್ಕಿರುವ ಸಾಮಾನು ಇದೇ ಅಂದುಕೊಂಡರೆ ಐಡಿಯಾ ಬರೋಕೆ ಶುರುವಾಗುತ್ತದೆ.

ಉದಾಹರಣೆಗೆ ತಡದ ವಿಷಯ. ತಡ ಇದೆ ಅಂದರೆ ಗುಂಡು ಹಾರಿಸೋದು, ಸರಕ್ಕನೆ ತಪ್ಪಿಸಿಕೊಳ್ಳೋದು ಇಂಥವಕ್ಕೆ ಕಷ್ಟ. ಆದರೆ ಆಟಗಾರ ಮುಂದೆ ಏನು ಮಾಡಬೇಕು ಅಂತ ಗೇಮ್‌ಗೆ ಮೊದಲೇ ಗೊತ್ತಿದ್ದರೆ? ಹಾರ್ಮೋನಿಕ್ಸ್ ಕಂಪನಿಯ ಡ್ಯಾನ್ಸ್ ಸೆಂಟ್ರಲ್ ಇದೇ ಜಾಗದಲ್ಲಿ ಗೆದ್ದಿತು. ಹಾಡಿನ ತಾಳ ಗೊತ್ತು, ಯಾವ ತಾಳಕ್ಕೆ ಯಾವ ಹೆಜ್ಜೆ ಅನ್ನೋದೂ ಗೊತ್ತು. ನಿಮ್ಮ ಚಲನೆ ತಡವಾಗಿ ಬಂದರೂ ಹಿಂದಿನ ತಾಳದ ಜೊತೆ ಹೋಲಿಸಿ ನೋಡಬಹುದು. ಕೈ ತಪ್ಪಾಗಿದ್ದರೆ ಪರದೆಯ ಡ್ಯಾನ್ಸರ್‌ನ ಅದೇ ಕೈ ಕೆಂಪಾಗುತ್ತದೆ, ಅಷ್ಟೇ. ನಿಮ್ಮ ಚಲನೆಯಿಂದ ಯಾವ ಬೊಂಬೆಯೂ ಓಡಬೇಕಾಗಿಲ್ಲ. ಕುಣಿಯೋದೇ ಆಟ.

ಇನ್ನೊಂದು ಚಿಕ್ಕ ಆಟ ನನಗೆ ತುಂಬಾ ಇಷ್ಟ. ಕೈನೆಕ್ಟ್ ಅಡ್ವೆಂಚರ್ಸ್‌ನಲ್ಲಿ ನೀವು ಸಮುದ್ರದಡಿ ಒಂದು ಗಾಜಿನ ಪೆಟ್ಟಿಗೆಯೊಳಗೆ ಇರುತ್ತೀರಿ. ಗಾಜು ಅಲ್ಲಲ್ಲಿ ಬಿರುಕು ಬಿಟ್ಟು ನೀರು ಒಳಗೆ ಬರುತ್ತದೆ. ಕೈ, ಕಾಲು, ತಲೆ ಎಲ್ಲ ಇಟ್ಟು ತೂತು ಮುಚ್ಚಬೇಕು. ಇಲ್ಲಿ ವೇಗಕ್ಕಿಂತ ಭಂಗಿ ಮುಖ್ಯ. ಭಂಗಿ ಗುರುತಿಸೋದರಲ್ಲಿ ಯಂತ್ರ ಗಟ್ಟಿ. ಜೊತೆಗೆ, ಒಂದು ಕಾಲೆತ್ತಿ ತಲೆ ಓರೆ ಮಾಡಿ ನಿಂತ ಮಾವನನ್ನು ನೋಡೋದು ಆಡೋದಕ್ಕಿಂತ ಜಾಸ್ತಿ ಮಜಾ. ಇದನ್ನು ತಮಾಷೆಗೆ ಹೇಳುತ್ತಿಲ್ಲ. ಮೈ ಬಳಸುವ ಆಟದಲ್ಲಿ ಸೋಫಾ ಮೇಲೆ ಕೂತವರೂ ಪ್ರೇಕ್ಷಕರು. ಐಡಿಯಾ ಬರೆಯುವಾಗ ಅವರಿಗೆ ಏನು ಕಾಣುತ್ತದೆ ಅಂತಲೂ ಬರೆದುಕೊಳ್ಳಿ.

ಪರದೆಯೇ ಬೇಡ ಅಂದವರೂ ಇದ್ದಾರೆ. ಜೆ.ಎಸ್. ಜೌಸ್ಟ್ ಅನ್ನುವ ಆಟದಲ್ಲಿ ಎಲ್ಲರ ಕೈಯಲ್ಲೂ ಒಂದೊಂದು ಚಲನೆ ಗುರುತಿಸುವ ಕಂಟ್ರೋಲರ್. ಬಾಕ್ ಅನ್ನುವ ಜರ್ಮನ್ ಸಂಗೀತಕಾರನ ಸಂಗೀತ ನಿಧಾನವಾಗಿ ನುಡಿಯುತ್ತಿರುವಾಗ ಕಂಟ್ರೋಲರ್ ಸ್ವಲ್ಪ ಜೋರಾಗಿ ಅಲುಗಿದರೂ ನೀವು ಔಟ್. ಸಂಗೀತದ ವೇಗ ಏರಿದಾಗ ನಿಮಗೂ ಸ್ವಲ್ಪ ಜಾಸ್ತಿ ಅಲುಗಾಡುವ ಸ್ವಾತಂತ್ರ್ಯ. ಎದುರಾಳಿಯ ಕೈ ಅಲುಗಿಸಿ ಅವನನ್ನು ಔಟ್ ಮಾಡಬೇಕು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ, ಟಿವಿ ಕಡೆ ಯಾರೂ ನೋಡಲ್ಲ.

[ಪರದೆಯಲ್ಲಿ: ಮೈಕ್‌ನ ಚಿತ್ರ, ಏರಿಳಿಯುವ ದನಿಯ ಅಲೆ]

ಈಗ ದನಿಗೆ ಬರೋಣ. "ಜಿಗಿ" ಅಂದರೆ ಜಿಗಿಯುವ ಗೇಮ್ ಮಾಡಬೇಡಿ, ದಯವಿಟ್ಟು. ಆ ಎರಡಕ್ಷರ ಬಾಯಿಂದ ಬಂದು, ಯಂತ್ರಕ್ಕೆ ಅರ್ಥ ಆಗೋ ಹೊತ್ತಿಗೆ ನಿಮ್ಮ ಹೀರೋ ಹಳ್ಳಕ್ಕೆ ಬಿದ್ದಿರುತ್ತಾನೆ. ನಿಜ ಜೀವನದಲ್ಲಿ ದನಿಯಿಂದಲೇ ಮಾಡುವ ಕೆಲಸಗಳು ಯಾವುವು ಅಂತ ಯೋಚಿಸಿ. ಕೂಗಿ ಕರೆಯೋದು, ಗದರೋದು, ಹಾಡೋದು, ಆಜ್ಞೆ ಕೊಡೋದು, ಉಸಿರು ಬಿಗಿಹಿಡಿದು ಸುಮ್ನಿರೋದು. 2008ರ ಎಂಡ್‌ವಾರ್ ಅನ್ನುವ ಯುದ್ಧದ ಗೇಮ್‌ನಲ್ಲಿ ನೀವು ಸೇನಾಧಿಕಾರಿ. ಯಾವ ತುಕಡಿ, ಏನು ಮಾಡಬೇಕು, ಎಲ್ಲಿ ಅಂತ ಮೂರು ತುಂಡಿನಲ್ಲಿ ಹೇಳಿದರೆ ಸಾಕು. ಅಧಿಕಾರಿಯ ಕೆಲಸವೇ ಮಾತು, ಹಾಗಾಗಿ ಹೊಂದಿಕೊಂಡಿತು. ಸ್ಕೈರಿಮ್ ಅನ್ನುವ ಸಾಹಸದ ಗೇಮ್‌ಗೆ 2012ರಲ್ಲಿ ಕೈನೆಕ್ಟ್ ಸೌಲಭ್ಯ ಬಂದಾಗ, ಡ್ರ್ಯಾಗನ್ ಭಾಷೆಯ ಘೋಷಗಳನ್ನು ಆಟಗಾರರು ಸ್ವತಃ ಕೂಗಬಹುದಿತ್ತು. ಕಥೆಯಲ್ಲಿ ನಾಯಕ ಕೂಗುತ್ತಾನೆ, ಹಾಲ್‌ನಲ್ಲಿ ನೀವೂ ಕೂಗುತ್ತೀರಿ.

ಕೈನೆಕ್ಟ್‌ಗೆ ಕನ್ನಡ ಬರುತ್ತಿರಲಿಲ್ಲ. ಈಗ ಪರಿಸ್ಥಿತಿ ವಾಸಿ. ಗೂಗಲ್ 2017ರಲ್ಲೇ ಕನ್ನಡದಲ್ಲಿ ಮಾತಾಡಿ ಟೈಪ್ ಮಾಡುವ ಸೌಲಭ್ಯ ಕೊಟ್ಟಿತು. ಆದರೂ ಮೊದಲ ಗೇಮ್‌ಗೆ ನನ್ನ ಸಲಹೆ: ಪದಗಳನ್ನೇ ಬಿಟ್ಟುಬಿಡಿ. ದನಿ ಜೋರಾಗಿದೆಯಾ ಮೆಲ್ಲಗಿದೆಯಾ, ಮೇಲಿನ ಸ್ವರವಾ ಕೆಳಗಿನದಾ, ನಿಂತಿತಾ ಮುಂದುವರಿದಿದೆಯಾ, ಇಷ್ಟು ಮಾತ್ರ ಅಳೆಯಿರಿ. ಇವನ್ನು ಅಳೆಯೋದು ಸುಲಭ, ತಡವೂ ಕಡಿಮೆ. ಧಾರವಾಡದವರು ಆಡಿದರೂ ಮಂಗಳೂರಿನವರು ಆಡಿದರೂ ಗೇಮ್‌ಗೆ ವ್ಯತ್ಯಾಸ ಇಲ್ಲ.

ಹಾಗಾದರೆ ಮೈ ಮತ್ತು ದನಿ ಎರಡೂ ಬೇಕೇ ಬೇಕು ಅನ್ನುವ ಆಟ ಯಾವುದಿದೆ? ನಮ್ಮ ಶಾಲೆ ಮೈದಾನದಲ್ಲೇ ಇದೆ. ಕಬಡ್ಡಿ.

[ಪರದೆಯಲ್ಲಿ: ರೈಡರ್ ಒಬ್ಬ ಎದುರಾಳಿ ಅಂಕಣಕ್ಕೆ ಕಾಲಿಡುವ ದೃಶ್ಯ]

ರೈಡರ್ ಮೈ ಬಾಗಿಸಬೇಕು, ಕೈ ಚಾಚಬೇಕು, ಹಿಂದೆ ಸರಿಯಬೇಕು. ಬಾಯಲ್ಲಿ "ಕಬಡ್ಡಿ ಕಬಡ್ಡಿ" ನಿಲ್ಲಬಾರದು. ಗೇಮ್‌ಗೆ ಆ ಪದ ಅರ್ಥ ಆಗಬೇಕಿಲ್ಲ, ದನಿ ಮುರಿಯಿತಾ ಅಂತ ಗೊತ್ತಾದರೆ ಸಾಕು. ರೈಡ್‌ಗೆ 30 ಸೆಕೆಂಡ್, ಹಾಗಾಗಿ ತೋಳು ಸೋಲುವಷ್ಟರಲ್ಲಿ ಮುಂದಿನವರ ಸರದಿ. ಒಬ್ಬೊಬ್ಬರೇ ನಿಲ್ಲೋದರಿಂದ ಚಿಕ್ಕ ಹಾಲ್ ಸಾಕು.

ತಡಕ್ಕೆ ಏನು ಮಾಡೋದು? ಡಿಫೆಂಡರ್ ಹಿಡಿಯೋಕೆ ಬರುವ ಮೊದಲು ಸ್ವಲ್ಪ ಮುಂದಕ್ಕೆ ವಾಲಲಿ, ಇಬ್ಬರು ಕೈ ಕೈ ಹಿಡಿದು ಸರಪಳಿ ಮಾಡಲಿ. ಆಟಗಾರನಿಗೆ ಮುನ್ಸೂಚನೆ ಸಿಗುತ್ತದೆ, ಯಂತ್ರಕ್ಕೆ ಸಮಯ ಸಿಗುತ್ತದೆ. ಜಾಗಕ್ಕೆ? ನಿಜವಾದ ಗಂಡಸರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಹಾಲ್‌ನಲ್ಲಿ ಒಂದು ಹೆಜ್ಜೆ ಮುಂದಿಟ್ಟರೆ ಪರದೆಯಲ್ಲಿ ಎರಡು ಮೀಟರ್ ಅಂತ ಇಟ್ಟುಕೊಳ್ಳಬಹುದು. ಉಸಿರು ಕಡಿಮೆಯಾಗುತ್ತಾ ದನಿ ಸಣ್ಣಗಾದಂತೆ ಪರದೆಯ ಅಂಚು ಮಸುಕಾಗಲಿ, ವಾಪಸ್ ಗೆರೆ ಮುಟ್ಟೋ ಆತುರ ಹುಟ್ಟುತ್ತದೆ.

ಒಂದು ತೊಂದರೆ ಉಳಿದಿದೆ: ಮೋಸ. ರೈಡರ್‌ನ ಉಸಿರು ನಿಂತಾಗ ಸೋಫಾದಲ್ಲಿ ಕೂತ ತಮ್ಮ "ಕಬಡ್ಡಿ" ಮುಂದುವರಿಸಿದರೆ? ಒಂದೇ ಮೈಕ್ ಇದ್ದರೆ ಇದು ಯಾರ ದನಿ ಅಂತ ತಿಳಿಯೋದು ಕಷ್ಟ. ಕ್ಯಾಮೆರಾದಲ್ಲಿ ತುಟಿ ನೋಡಬಹುದು, ಆದರೆ ಅಷ್ಟು ದೂರದಿಂದ ಭರವಸೆ ಇಲ್ಲ. ನಾನಾದರೆ ಬಿಟ್ಟುಬಿಡುತ್ತೇನೆ. ಜಗಳ ಆಡಿಕೊಂಡು ಅವರೇ ಬಗೆಹರಿಸಿಕೊಳ್ಳಲಿ, ಮೈದಾನದಲ್ಲೂ ಹಾಗೇ ತಾನೇ ಆಗೋದು?

ಇದನ್ನು ಮಾಡಿನೋಡೋಕೆ ಕೈನೆಕ್ಟ್ ಬೇಕಾಗಿಲ್ಲ. ಗೂಗಲ್‌ನ ಮೀಡಿಯಾಪೈಪ್ ಅನ್ನುವ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ಲ್ಯಾಪ್‌ಟಾಪ್‌ನ ಮಾಮೂಲಿ ಕ್ಯಾಮೆರಾದಿಂದಲೇ ಮೈಯ 33 ಬಿಂದುಗಳನ್ನು ಗುರುತಿಸುತ್ತದೆ, ಬ್ರೌಸರ್‌ನಲ್ಲೂ ಓಡುತ್ತದೆ.

ಆದರೆ ಕೋಡ್ ಬರೆಯೋಕೆ ಆತುರ ಬೇಡ. ಮೊದಲು ಯಂತ್ರದ ಜಾಗದಲ್ಲಿ ಒಬ್ಬ ಗೆಳೆಯನನ್ನೇ ಕೂರಿಸಿ. ನೀವು ಟಿವಿ ಮುಂದೆ ನಿಂತು ಆಡಿ. ಅವನು ಹಿಂದೆ ಕೂತು, ನಿಮ್ಮ ಮೈ ನೋಡಿ, ಕೀಬೋರ್ಡ್ ಒತ್ತಿ ಚಿತ್ರ ಬದಲಿಸಲಿ. ಪೇಂಟ್‌ನಲ್ಲಿ ಬರೆದ ಕಡ್ಡಿ ಮನುಷ್ಯರೇ ಸಾಕು. ಗೆಳೆಯನೂ ಸ್ವಲ್ಪ ತಡವಾಗಿಯೇ ಒತ್ತುತ್ತಾನೆ, ಆಗಾಗ ತಪ್ಪು ಒತ್ತುತ್ತಾನೆ, ಯಂತ್ರದ ಹಾಗೇ. ಹತ್ತು ನಿಮಿಷ ಹೀಗೆ ಆಡಿ. ಆಮೇಲೆ ಅಲ್ಲೇ ಕೂತು ನೋಡುತ್ತಿದ್ದವರನ್ನು ಕರೆದು, ನಿಮ್ಮ ಸರದಿ ಅಂತ ಹೇಳಿ. ಅವರು ಎದ್ದು ಬಂದರೆ ಕೋಡ್ ಶುರು ಮಾಡಿ. ಕೂತಲ್ಲೇ ಮೊಬೈಲ್ ತೆಗೆದರೆ ಬೇರೆ ಐಡಿಯಾ ಹುಡುಕಿ.